ಚುಕ್ಕೆ ಹೋಯಿತು ಎಂದು ಚಿಕಿತ್ಸೆ ನಿಲ್ಲಿಸಬೇಡಿ: ಅಕ್ವೇರಿಯಂ ಮೀನಿನ ಬಿಳಿ ಚುಕ್ಕೆ ರೋಗಕ್ಕೆ ಮನೆಯಲ್ಲೇ ಮದ್ದು

ಮಳೆ ಹಿಡಿದು ಎಂಟು ದಿನ ಆಗುವುದರೊಳಗೆ ನನಗೆ ಒಂದೇ ಥರದ ಫೋಟೋಗಳು ಬರತೊಡಗುತ್ತವೆ. ಮಂಜು ಕಟ್ಟಿದ ಗಾಜು. ಅದರ ಹಿಂದೆ ಒಂದು ಗೋಲ್ಡ್ ಫಿಶ್ ಅಥವಾ ಏಂಜೆಲ್. ಅದರ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆಗಳು. ಕಾರವಾರ, ಅಂಕೋಲಾ, ಕುಮಟಾ ಕಡೆಯಿಂದ ಜೂನ್ ತಿಂಗಳಲ್ಲಿ ಜಾಸ್ತಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ಡಿಸೆಂಬರ್ ಚಳಿಯಲ್ಲಿ ಮತ್ತೊಂದು ಸುತ್ತು.

ಕೇಳುವವರಲ್ಲಿ ಎರಡು ಥರ. "ಇದಕ್ಕೆ ಏನು ಹಾಕಬೇಕು?" ಎನ್ನುವವರು ಕೆಲವರು. "ಔಷಧಿ ಹಾಕಿದೆ, ಹೋಗಿತ್ತು, ಈಗ ಮೊದಲಿಗಿಂತ ಜಾಸ್ತಿ ಬಂದಿದೆ" ಎನ್ನುವವರೇ ಹೆಚ್ಚು. ಈ ಎರಡನೆಯವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಅವರು ಹಾಕಿದ ಔಷಧಿ ತಪ್ಪಲ್ಲ. ನಿಲ್ಲಿಸಿದ ದಿನ ತಪ್ಪು.

ಆ ಚುಕ್ಕೆಯೊಳಗೆ ಏನಿದೆ?

ಅದೊಂದು ಜೀವಿ. ಒಂದೇ ಕೋಶದ ಪರಾವಲಂಬಿ, ಅಂದರೆ ಇನ್ನೊಂದು ಜೀವದ ಮೈಯನ್ನೇ ತಿಂದು ಬದುಕುವಂಥದ್ದು. ಹೆಸರು ಇಕ್ತಿಯೋಫ್ತಿರಿಯಸ್. ಮೀನು ಸಾಕುವವರು ಚಿಕ್ಕದಾಗಿ 'ಇಕ್' ಎನ್ನುತ್ತಾರೆ. ದೊಡ್ಡದಾದಾಗ ಒಂದು ಮಿಲಿಮೀಟರ್‌ವರೆಗೆ ಬೆಳೆಯುವುದರಿಂದ ಬರಿಗಣ್ಣಿಗೆ ಕಾಣುತ್ತದೆ. ಪರಿಚಯದ ಕಾಲೇಜಿನಲ್ಲಿ ಮೈಕ್ರೋಸ್ಕೋಪ್ ಸಿಕ್ಕರೆ ಒಮ್ಮೆ ನೋಡಿ. ಮೀನಿನ ಮೈಯ ಲೋಳೆಯನ್ನು ಮೆಲ್ಲಗೆ ಸವರಿ ಗಾಜಿನ ಮೇಲಿಟ್ಟರೆ ಒಂದು ಬೂದು ಬಣ್ಣದ ಗುಂಡು ಕಾಣುತ್ತದೆ. ಮೈ ತುಂಬ ಸಣ್ಣ ರೋಮ, ಒಳಗೆ ಕುದುರೆ ಲಾಳದ ಆಕಾರದ ಕೋಶಕೇಂದ್ರ. ನಿಧಾನವಾಗಿ, ಬೀಸುಕಲ್ಲಿನ ಹಾಗೆ, ಇದ್ದಲ್ಲೇ ತಿರುಗುತ್ತಿರುತ್ತದೆ.

ಇದರ ಬದುಕು ಮೂರು ಹಂತಗಳಲ್ಲಿ ನಡೆಯುತ್ತದೆ. ಚಿಕಿತ್ಸೆಯ ಇಡೀ ಗುಟ್ಟು ಇಲ್ಲೇ ಇರುವುದರಿಂದ ಇದನ್ನು ಹಾರಿಸಿ ಓದಬೇಡಿ.

ಮೊದಲ ಹಂತ ಮೀನಿನ ಮೈಯಲ್ಲಿ. ಚುಕ್ಕೆ ಚರ್ಮದ ಮೇಲೆ ಕೂತಿದೆ ಎಂದು ನಮಗೆ ಕಾಣುತ್ತದೆ. ನಿಜವಾಗಿ ಅದು ಚರ್ಮದ ಮೇಲ್ಪದರದ ಒಳಗೆ ಅಡಗಿರುತ್ತದೆ. ನೀರಿಗೆ ಹಾಕಿದ ಮದ್ದು ಸಾಮಾನ್ಯವಾಗಿ ಅದನ್ನು ಅಲ್ಲಿ ತಟ್ಟುವುದಿಲ್ಲ. ಎರಡನೆಯದರಲ್ಲಿ, ಹೊಟ್ಟೆ ತುಂಬಿದ ಮೇಲೆ ಅದು ಮೀನನ್ನು ಬಿಟ್ಟು ತಳಕ್ಕೆ ಇಳಿಯುತ್ತದೆ. ಜಲ್ಲಿ, ಗಿಡದ ಎಲೆ, ಗಾಜಿನ ಮೂಲೆ, ಎಲ್ಲಾದರೂ ಅಂಟಿಕೊಂಡು ಸುತ್ತಲೂ ಲೋಳೆಯ ಗೂಡು ಕಟ್ಟುತ್ತದೆ. ಗೂಡಿನೊಳಗೂ ಮದ್ದು ಹೋಗುವುದಿಲ್ಲ. ಒಳಗೆ ಅದು ಒಡೆದು ಎರಡಾಗಿ, ನಾಲ್ಕಾಗಿ, ಹೀಗೆ ನೂರಾರು ಮರಿಗಳಾಗುತ್ತದೆ. ಮೂರನೆಯ ಹಂತದಲ್ಲಿ ಗೂಡು ಒಡೆದು ಮರಿಗಳು ನೀರಿಗೆ ಬರುತ್ತವೆ, ಮೀನನ್ನು ಹುಡುಕಿ ಈಜುತ್ತವೆ. ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತವೆ. ಮದ್ದಿಗೆ ಸುಲಭವಾಗಿ ಸಿಕ್ಕುವುದು ಈ ಈಜುವ ಮರಿಗಳು ಮಾತ್ರ. ಅವು ಕಣ್ಣಿಗೆ ಕಾಣುವುದಿಲ್ಲ.

ಈಗ ಗೊತ್ತಾಯಿತಲ್ವಾ? ಮದ್ದು ಹಾಕಿ ಎರಡು ದಿನಕ್ಕೆ ಚುಕ್ಕೆ ಮಾಯವಾದರೆ ಅದು ಸತ್ತಿದೆ ಎಂದಲ್ಲ, ತಳಕ್ಕೆ ಇಳಿದಿದೆ ಎಂದು. ಆಗ ನಾವು ಸಮಾಧಾನಪಟ್ಟು ನೀರು ಬದಲಿಸಿ ಮದ್ದು ನಿಲ್ಲಿಸುತ್ತೇವೆ. ಐದಾರು ದಿನ ಬಿಟ್ಟು ಒಂದು ಚುಕ್ಕೆ ಇದ್ದಲ್ಲಿ ನೂರು ಬರುತ್ತವೆ.

25 ಡಿಗ್ರಿಯ ಆಸುಪಾಸಿನಲ್ಲಿ ಈ ಸುತ್ತು ವಾರದೊಳಗೆ ಮುಗಿಯುತ್ತದೆ. ನೀರು 15 ಡಿಗ್ರಿಗೆ ಇಳಿದರೆ ಎರಡು ವಾರ ಅಥವಾ ಅದಕ್ಕಿಂತ ಜಾಸ್ತಿ ಎಳೆಯುತ್ತದೆ. ಶಿರಸಿಯ ಚಳಿಗಾಲದಲ್ಲಿ "ತಿಂಗಳಾದರೂ ಬಿಡುತ್ತಿಲ್ಲ" ಎನ್ನುವುದಕ್ಕೆ ಕಾರಣ ಇದೇ.

ಹೆಸರಿನ ಗೊಂದಲ

ಅಘನಾಶಿನಿ ದಂಡೆಯಲ್ಲಿ, ಕುಮಟಾ-ಅಂಕೋಲಾ ಕಡೆ ಸೀಗಡಿ ಕೆರೆ ಮಾಡಿದವರ ಮನೆಗಳಲ್ಲಿ 'ವೈಟ್ ಸ್ಪಾಟ್' ಎಂದರೆ ಎದೆ ಧಸಕ್ಕೆನ್ನುತ್ತದೆ. 1990ರ ದಶಕದ ಮಧ್ಯದಲ್ಲಿ ದೇಶದ ಸೀಗಡಿ ಕೃಷಿಯನ್ನೇ ನೆಲಕಚ್ಚಿಸಿದ ರೋಗದ ಹೆಸರೂ ಅದೇ. ಆದರೆ ಅದು ವೈರಸ್, ಸೀಗಡಿಯಂಥ ಚಿಪ್ಪಿನ ಜೀವಿಗಳಿಗೆ ಬರುವಂಥದ್ದು, ಅದಕ್ಕೆ ಮದ್ದಿಲ್ಲ. ನಿಮ್ಮ ತೊಟ್ಟಿಯ ಮೀನಿಗೆ ಬಂದಿರುವುದು ಬೇರೆ, ಇದು ವಾಸಿಯಾಗುತ್ತದೆ. ಮನುಷ್ಯರಿಗೆ ಎರಡೂ ಹರಡುವುದಿಲ್ಲ.

ಸಮುದ್ರದ ನೀರಿನಲ್ಲಿ ಸಾಕುವ ಮೀನುಗಳಿಗೂ ಇದೇ ಥರದ ಚುಕ್ಕೆ ಬರುತ್ತದೆ. ಆ ಪರಾವಲಂಬಿ ಬೇರೆ, ಚಿಕಿತ್ಸೆಯೂ ಬೇರೆ. ಇಲ್ಲಿ ಹೇಳುತ್ತಿರುವುದು ಸಿಹಿನೀರಿನ ಮೀನುಗಳಿಗೆ ಮಾತ್ರ.

ಮೊದಲು ಇದೇ ರೋಗವೇ ಎಂದು ನೋಡಿ

ರಾತ್ರಿ ಕೋಣೆಯ ದೀಪ ಆರಿಸಿ ಟಾರ್ಚನ್ನು ಪಕ್ಕದಿಂದ ಬಿಡಿ. ಎದುರಿನಿಂದ ಬಿಟ್ಟರೆ ಗಾಜು ಹೊಳೆದು ಏನೂ ಕಾಣುವುದಿಲ್ಲ. ಇಕ್ ಆಗಿದ್ದರೆ ಬಿಡಿಬಿಡಿಯಾದ, ಗುಂಡಗಿನ, ಉಪ್ಪಿನ ಕಾಳಿನಷ್ಟು ದೊಡ್ಡ ಚುಕ್ಕೆಗಳು ಕಾಣುತ್ತವೆ. ಮೊದಲು ಬಾಲ ಮತ್ತು ರೆಕ್ಕೆಯ ಮೇಲೆ ಗೊತ್ತಾಗುತ್ತವೆ, ಅಲ್ಲಿ ಮೈ ತೆಳ್ಳಗೆ ಪಾರದರ್ಶಕ. ಮೀನು ರೆಕ್ಕೆ ಮುದುಡಿಕೊಂಡಿರುತ್ತದೆ. ಕಲ್ಲಿಗೆ, ಹೀಟರಿಗೆ ಸರ್ರನೆ ಮೈ ಉಜ್ಜಿ ತಿರುಗುತ್ತದೆ. ಹೆಚ್ಚಾದಾಗ ಮೇಲೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತದೆ. ಹೀಗಾದರೆ ಕಿವಿರಿಗೂ ತಗಲಿದೆ ಎಂದು ತಿಳಿಯಿರಿ. ಕೆಲವೊಮ್ಮೆ ಕಿವಿರಿಗೆ ಮಾತ್ರ ಹಿಡಿದು, ಮೈಮೇಲೆ ಒಂದೂ ಚುಕ್ಕೆ ಕಾಣದೆ ಮೀನು ಸಾಯುವುದೂ ಉಂಟು.

ಗಂಡು ಗೋಲ್ಡ್ ಫಿಶ್‌ಗೆ ಮರಿ ಮಾಡುವ ಕಾಲದಲ್ಲಿ ಕಿವಿರಿನ ಮುಚ್ಚಳದ ಮೇಲೆ, ಮುಂದಿನ ರೆಕ್ಕೆಯ ಅಂಚಿನಲ್ಲಿ ಸಾಲಾಗಿ ಬಿಳಿ ಗುಳ್ಳೆ ಏಳುತ್ತವೆ. ಅದು ರೋಗವಲ್ಲ, ಸುಮ್ನೆ ಬಿಡಿ. ಹತ್ತಿಯ ಎಳೆಯ ಹಾಗೆ ಇದ್ದರೆ ಬೂಸ್ಟು. ತೀರಾ ನುಣ್ಣಗೆ, ಚಿನ್ನದ ಪುಡಿ ಎರಚಿದ ಹಾಗೆ ಹಳದಿ ಹೊಳಪಿದ್ದರೆ ಅದು 'ವೆಲ್ವೆಟ್' ಎಂಬ ಬೇರೆ ಪರಾವಲಂಬಿ.

ಏನೇನು ಬೇಕು

ಮುಳುಗಿಸುವ ಥರ್ಮಾಮೀಟರ್. ಹೀಟರ್, ಲೀಟರಿಗೆ ಸುಮಾರು ಒಂದು ವ್ಯಾಟ್ ಲೆಕ್ಕದಲ್ಲಿ. ಗಾಳಿ ಪಂಪು ಮತ್ತು ಗಾಳಿಕಲ್ಲು. ತಳದ ಕಸ ಎಳೆಯುವ ಸೈಫನ್ ಪೈಪು. ಅಡುಗೆಮನೆಯ ತೂಕದ ತಕ್ಕಡಿ. ಮತ್ತೆ ಉಪ್ಪು.

ಉಪ್ಪಿನ ವಿಷಯದಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಅದೃಷ್ಟವಂತರು. ಗೋಕರ್ಣದ ಹತ್ತಿರದ ಸಾಣಿಕಟ್ಟಾದ, ಏನೂ ಬೆರೆಸದ ಹರಳುಪ್ಪು ಇದಕ್ಕೆ ಚೆನ್ನಾಗಿ ಆಗುತ್ತದೆ. ಮಣ್ಣಿನ ಅಂಶ ಇರುವುದರಿಂದ ಬೇರೆ ಪಾತ್ರೆಯಲ್ಲಿ ಕರಗಿಸಿ, ಅರ್ಧ ಗಂಟೆ ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನು ಬಟ್ಟೆಯಲ್ಲಿ ಸೋಸಿಕೊಳ್ಳಿ. ಪ್ಯಾಕೆಟ್ಟಿನ ಪುಡಿ ಉಪ್ಪಿನಲ್ಲಿ ಗಂಟು ಕಟ್ಟದ ಹಾಗೆ ಬೇರೇನೋ ಸೇರಿಸಿರುತ್ತಾರೆ. ಹರಳುಪ್ಪು ಸಿಗುವಾಗ ಅದು ಯಾಕೆ?

1. ತೊಟ್ಟಿಯ ನೀರು ಎಷ್ಟು ಎಂದು ಲೆಕ್ಕ ಹಾಕಿ

ಉದ್ದ, ಅಗಲ, ನೀರಿನ ಎತ್ತರ, ಮೂರನ್ನೂ ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ 1000ದಿಂದ ಭಾಗಿಸಿ. ಎರಡಡಿ ತೊಟ್ಟಿ ಎಂದರೆ 60 × 30, ನೀರು 25 ಸೆಂಟಿಮೀಟರ್ ಇದ್ದರೆ 45 ಲೀಟರ್. ಜಲ್ಲಿ, ಕಲ್ಲಿನ ಜಾಗ ಕಳೆದರೆ ಸುಮಾರು 40. ಅಂಗಡಿಯವರು ಹೇಳಿದ ಅಳತೆಯನ್ನು ನಂಬಿ ಮದ್ದು ಹಾಕಿದರೆ ಹೆಚ್ಚಾಗುವುದೇ ಜಾಸ್ತಿ.

2. ಎಲ್ಲ ಮೀನಿಗೂ ಒಟ್ಟಿಗೆ ಚಿಕಿತ್ಸೆ ಮಾಡಿ

ಚುಕ್ಕೆ ಇರುವ ಒಂದು ಮೀನನ್ನು ಹಿಡಿದು ಬಕೆಟ್ಟಿಗೆ ಹಾಕಿ, ಉಳಿದವನ್ನು ಹಾಗೇ ಬಿಡುವುದು ತುಂಬ ಜನ ಮಾಡುವ ತಪ್ಪು. ನಾನೂ ಮಾಡಿದ್ದೇನೆ. ಒಂದು ಏಂಜೆಲ್ ಬಕೆಟ್ಟಿನಲ್ಲಿ ಬದುಕಿತು, ತೊಟ್ಟಿಯಲ್ಲಿದ್ದ ಐದು ಸತ್ತವು. ಗೂಡುಗಳು ಇರುವುದು ತೊಟ್ಟಿಯ ತಳದಲ್ಲಿ. ಆದ್ದರಿಂದ ಚಿಕಿತ್ಸೆಯೂ ಅಲ್ಲೇ ಆಗಬೇಕು.

ತೊಟ್ಟಿಯಲ್ಲಿ ಅಲಂಕಾರದ ಸೀಗಡಿ, ಬಸವನಹುಳು, ಬೆಲೆಬಾಳುವ ಗಿಡ ಇದ್ದರೆ ತಿರುಗಿಸಿ ಮಾಡಿ. ಮೀನುಗಳನ್ನೆಲ್ಲ ಜಲ್ಲಿಯಿಲ್ಲದ ಬೇರೆ ತೊಟ್ಟಿಗೋ ದೊಡ್ಡ ಪ್ಲಾಸ್ಟಿಕ್ ಟಬ್ಬಿಗೋ ಹಾಕಿ ಅಲ್ಲಿ ಚಿಕಿತ್ಸೆ ಕೊಡಿ. ಮೂಲ ತೊಟ್ಟಿಯನ್ನು 27-28 ಡಿಗ್ರಿಯಲ್ಲಿ ಎರಡು ವಾರ ಮೀನಿಲ್ಲದೆ ನಡೆಸಿ. ತಿನ್ನಲು ಮೀನಿಲ್ಲದೆ ಮರಿಗಳು ತಾವಾಗಿಯೇ ಸಾಯುತ್ತವೆ.

3. ಗಾಳಿ ಹೆಚ್ಚಿಸಿ, ಇದ್ದಿಲು ತೆಗೆಯಿರಿ

ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಹಿಡಿಯುತ್ತದೆ, ಕಿವಿರು ಮೊದಲೇ ಸೋತಿದೆ. ಹಾಗಾಗಿ ಹೀಟರ್ ಹಚ್ಚುವ ಮೊದಲೇ ಗಾಳಿಕಲ್ಲು ಬಿಡಿ. ಫಿಲ್ಟರಿನಲ್ಲಿ ಕಪ್ಪು ಇದ್ದಿಲಿನ ಚೀಲ ಇದ್ದರೆ ತೆಗೆದಿಡಿ, ಅದು ಮದ್ದನ್ನೆಲ್ಲ ಹೀರಿಕೊಳ್ಳುತ್ತದೆ. ಸ್ಪಂಜು ಮಾತ್ರ ಹಾಗೇ ಇರಲಿ. ಮೀನಿನ ಕಸದಿಂದ ಬರುವ ಅಮೋನಿಯಾ ಎಂಬ ವಿಷವನ್ನು ತಿಂದು ತೀರಿಸುವ ಒಳ್ಳೆಯ ಬ್ಯಾಕ್ಟೀರಿಯಾ ಅದರಲ್ಲೇ ಇರುತ್ತವೆ.

4. ನಿಧಾನವಾಗಿ ಬಿಸಿ ಏರಿಸಿ

ದಿನಕ್ಕೆ ಎರಡು ಡಿಗ್ರಿಯಂತೆ, 29-30ಕ್ಕೆ ಬರುವವರೆಗೆ. ಬಿಸಿಯಲ್ಲಿ ಪರಾವಲಂಬಿಯ ಸುತ್ತು ಬೇಗ ಓಡುತ್ತದೆ, ಮರಿಗಳು ಬೇಗ ಹೊರಬಂದು ಉಪ್ಪಿಗೆ ಸಿಗುತ್ತವೆ. 30ರಲ್ಲಿ ಅದರ ಸಂತಾನವೇ ಕುಂಠಿತವಾಗುತ್ತದೆ. ಆದರೂ ಬರೀ ಬಿಸಿಯನ್ನೇ ನಂಬಬೇಡಿ. ಅಷ್ಟು ಬಿಸಿಗೂ ಬಗ್ಗದ ತಳಿಗಳಿವೆ.

ಗೋಲ್ಡ್ ಫಿಶ್ ತಂಪು ನೀರಿನ ಮೀನು. ಅದಕ್ಕೆ 27-28 ಸಾಕು, ದಿನಗಳನ್ನು ಜಾಸ್ತಿ ಮಾಡಿ.

ಕರಾವಳಿಯವರು ಮೊದಲು ಥರ್ಮಾಮೀಟರ್ ನೋಡಿ. ಏಪ್ರಿಲ್-ಮೇನಲ್ಲಿ ಕಾರವಾರದ ಮನೆಯೊಳಗಿನ ತೊಟ್ಟಿ ತಾನಾಗಿಯೇ 30 ಮುಟ್ಟಿರಬಹುದು, ಹೀಟರ್ ಬೇಕಿಲ್ಲ. ಶಿರಸಿಯಲ್ಲಿ ಇದಕ್ಕೆ ತದ್ವಿರುದ್ಧ. ಹಗಲು ಬೆಚ್ಚಗಿದ್ದ ನೀರು ಬೆಳಗಿನ ಜಾವ ನಾಲ್ಕೈದು ಡಿಗ್ರಿ ಇಳಿದಿರುತ್ತದೆ. ಈ ಏರಿಳಿತವೇ ಮೀನಿನ ಶಕ್ತಿ ಕುಂದಿಸಿ ರೋಗಕ್ಕೆ ದಾರಿ ಮಾಡುತ್ತದೆ. ತೊಟ್ಟಿಗೆ ಕೈ ಹಾಕುವಾಗ, ನೀರು ತೆಗೆಯುವಾಗ ಹೀಟರಿನ ಪ್ಲಗ್ ಕಿತ್ತಿಡಿ. ನೀರಿನ ಹೊರಗೆ ಉರಿದ ಗಾಜಿನ ಹೀಟರ್ ಸಿಡಿಯುತ್ತದೆ, ಕರೆಂಟಿನ ಅಪಾಯವೂ ಇದೆ.

5. ಉಪ್ಪು ಹಾಕಿ

ಲೀಟರಿಗೆ 2 ಗ್ರಾಂ. ನಮ್ಮ 40 ಲೀಟರಿನ ತೊಟ್ಟಿಗೆ 80 ಗ್ರಾಂ. ಅದನ್ನು ಮೂರು ಪಾಲು ಮಾಡಿ ಬೆಳಿಗ್ಗೆ, ಸಂಜೆ, ಮರುದಿನ ಬೆಳಿಗ್ಗೆ ಹಾಕಿ. ಚಮಚದ ಅಳತೆ ಬೇಡ, ಹರಳು ದಪ್ಪ ಇದ್ದರೆ ಚಮಚದಲ್ಲಿ ಕಡಿಮೆ ಹಿಡಿಯುತ್ತದೆ. ಹರಳನ್ನು ನೇರ ತೊಟ್ಟಿಗೆ ಎಸೆಯಬೇಡಿ. ಕಾಳು ಎಂದು ಮೀನು ಬಾಯಿ ಹಾಕುತ್ತದೆ.

ಗಪ್ಪಿ, ಮೊಲಿ, ಗೋಲ್ಡ್ ಫಿಶ್ 3 ಗ್ರಾಂವರೆಗೂ ತಡೆಯುತ್ತವೆ. ಹುರುಪೆಯಿಲ್ಲದ ಅಥವಾ ತೀರಾ ಸಣ್ಣ ಹುರುಪೆಯ ಲೋಚ್‌ಗಳಿಗೆ, ಹಾಗೆಯೇ ಕೋರಿಡೋರಸ್ ಮುಂತಾದ ಬೆಕ್ಕುಮೀನು, ಟೆಟ್ರಾಗಳಿಗೆ ಲೀಟರಿಗೆ 1 ಗ್ರಾಂ, ಅದೂ ಎರಡು ಮೂರು ದಿನ ಹಂಚಿ. ಹಳ್ಳದಿಂದ ಹಿಡಿದು ತಂದ ಲೋಚ್ ಸಾಕಿರುವವರು ಇದನ್ನು ಮರೆಯಬೇಡಿ. ಕೆಲವು ನೀರಿನ ಗಿಡಗಳು ಉಪ್ಪಿಗೆ ಬಾಡುತ್ತವೆ. ಅವನ್ನು ಬೇರೆ ಬಕೆಟ್ಟಿನಲ್ಲಿ ಎರಡು ವಾರ ಇಡಿ.

ತುಂಬ ಜನ ತಪ್ಪುವುದು ಮುಂದಿನ ಲೆಕ್ಕದಲ್ಲಿ. ಆವಿಯಾಗಿ ನೀರು ಇಳಿದಿದ್ದರೆ ಬರೀ ಸಿಹಿನೀರು ತುಂಬಿ, ಉಪ್ಪು ಆವಿಯಾಗುವುದಿಲ್ಲ, ಅದು ಒಳಗೇ ಇದೆ. 10 ಲೀಟರ್ ನೀರನ್ನು ನೀವೇ ತೆಗೆದು ಬದಲಿಸಿದರೆ ಮಾತ್ರ ಆ 10 ಲೀಟರಿಗೆ 20 ಗ್ರಾಂ ಸೇರಿಸಿ. ಪ್ರತಿ ಸಲ ಪೂರ್ತಿ 80 ಗ್ರಾಂ ಹಾಕಿ ಮೀನು ಕಳೆದುಕೊಂಡವರು ಇದ್ದಾರೆ.

ಇನ್ನೊಂದು ಮಾತು. ಬೇಸಿಗೆಯಲ್ಲಿ ಹೊಳೆ ಬದಿಯ, ಸಮುದ್ರದ ಹತ್ತಿರದ ಬಾವಿಗಳಲ್ಲಿ ನೀರೇ ಉಪ್ಪಾಗುತ್ತದೆ. ನಿಮ್ಮ ಬಾವಿ ಹಾಗಿದ್ದರೆ ಅದೇ ನೀರಿಗೆ ಮತ್ತೆ ಪೂರ್ತಿ ಅಳತೆಯ ಉಪ್ಪು ಬೇಡ. ಬೇರೆ ಕಡೆಯ ನೀರು ತನ್ನಿ.

6. ದಿನ ಬಿಟ್ಟು ದಿನ ತಳ ತೊಳೆಯಿರಿ

ಸೈಫನ್ ಪೈಪನ್ನು ಜಲ್ಲಿಯೊಳಗೆ ಚುಚ್ಚಿ ಕಾಲುಭಾಗ ನೀರು ತೆಗೆಯಿರಿ. ಉಪ್ಪಿಗೂ ಸಾಯದ ಗೂಡುಗಳು ಹೊರಗೆ ಹೋಗುವ ದಾರಿ ಇದೊಂದೇ. ನನ್ನ ಮಟ್ಟಿಗೆ ಈ ಕೆಲಸ ಯಾವ ಬಾಟಲಿಗಿಂತಲೂ ಕಡಿಮೆಯಲ್ಲ.

ಹೊಸ ನೀರಿನ ಬಿಸಿ ತೊಟ್ಟಿಯ ನೀರಿನಷ್ಟೇ ಇರಬೇಕು. ಹೊಂದಿಸಲು ಬಚ್ಚಲಿನ ತಾಮ್ರದ ಹಂಡೆಯ ನೀರನ್ನು ಮಾತ್ರ ಬೆರೆಸಬೇಡಿ. ನಮ್ಮ ಚಿರೆಕಲ್ಲಿನ ನೆಲದ ಬಾವಿನೀರು ಮೆದು, ಸ್ವಲ್ಪ ಹುಳಿ ಸ್ವಭಾವದ್ದು. ಅಂಥ ನೀರು ಬಿಸಿ ಹಂಡೆಯಿಂದ ತಾಮ್ರವನ್ನು ಕರಗಿಸಿಕೊಳ್ಳುತ್ತದೆ. ಮೆದು ನೀರಿನಲ್ಲಿ ತಾಮ್ರ ಮೀನಿಗೆ ವಿಷ, ಸೀಗಡಿಗಂತೂ ಕೂಡಲೇ. ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿ.

ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಒಂದು ರಾತ್ರಿ ಗಾಳಿಕಲ್ಲು ಬಿಟ್ಟು ತೆರೆದಿಡಿ, ಇಲ್ಲವೇ ಆಂಟಿ-ಕ್ಲೋರಿನ್ ಹನಿ ಹಾಕಿ. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಬಾವಿನೀರಿಗೂ ಇದೇ ಮಾತು. "ನಮ್ಮದು ಬಾವಿ ನೀರು, ಏನೂ ಆಗುವುದಿಲ್ಲ" ಎಂದುಕೊಂಡವರ ತೊಟ್ಟಿ ಒಂದೇ ರಾತ್ರಿಯಲ್ಲಿ ಖಾಲಿಯಾಗಬಹುದು.

ಈ ದಿನಗಳಲ್ಲಿ ಆಹಾರ ದಿನಕ್ಕೆ ಒಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು.

7. ಬಾಟಲಿಯ ಔಷಧಿ ಯಾವಾಗ?

ಬಿಸಿ ಮತ್ತು ಉಪ್ಪಿನಲ್ಲಿ ನಾಲ್ಕೈದು ದಿನ ಕಳೆದರೂ ಹೊಸ ಚುಕ್ಕೆ ಹೆಚ್ಚುತ್ತಲೇ ಇದ್ದರೆ, ಅಥವಾ ನೀವು ನೋಡುವ ಹೊತ್ತಿಗೇ ಮೈ ತುಂಬ ಮುಚ್ಚಿದ್ದರೆ ಔಷಧಿ ಬೇಕು. ಈ ರೋಗಕ್ಕೆ ಮಾರುವ ಬಾಟಲಿಗಳಲ್ಲಿ ಸಾಮಾನ್ಯವಾಗಿ ಇರುವುದು ಮೆಲಕೈಟ್ ಗ್ರೀನ್ ಎಂಬ ಹಸಿರು ಬಣ್ಣ, ಒಮ್ಮೊಮ್ಮೆ ಜೊತೆಗೆ ಫಾರ್ಮಾಲಿನ್. ಕೆಲಸ ಮಾಡುತ್ತವೆ. ಆದರೆ ಎರಡೂ ವಿಷವೇ. ಲೇಬಲ್ಲಿನ ಅಳತೆಯನ್ನು ನೀವು ಲೆಕ್ಕ ಹಾಕಿದ ನಿಜವಾದ ಲೀಟರಿಗೆ ಹಾಕಿ, ಲೋಚ್, ಬೆಕ್ಕುಮೀನು, ಟೆಟ್ರಾಗಳಿಗೆ ಅದರ ಅರ್ಧ. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಬಸುರಿಯರು, ಮಕ್ಕಳು ಮುಟ್ಟುವುದು ಬೇಡ. ಫಾರ್ಮಾಲಿನ್ ನೀರಿನ ಆಮ್ಲಜನಕವನ್ನು ಇಳಿಸುತ್ತದೆ, ಆದ್ದರಿಂದ ಅದನ್ನು ಬಳಸುವಾಗ ಬಿಸಿ 28 ದಾಟದಿರಲಿ.

ತಿನ್ನುವ ಮೀನಿಗೆ ಮೆಲಕೈಟ್ ಗ್ರೀನ್ ಬಳಸುವುದು ನಮ್ಮ ದೇಶದಲ್ಲಿ ನಿಷೇಧ. ಮನೆಯ ಕೆರೆಗೆ, ಮೀನು ಬಿಟ್ಟಿರುವ ಬಾವಿಗೆ ಯಾವ ಕಾರಣಕ್ಕೂ ಹಾಕಬೇಡಿ.

ಕೆಲಸಕ್ಕೆ ಬಾರದವನ್ನೂ ಹೇಳಿಬಿಡುತ್ತೇನೆ. ಟೆಟ್ರಾಸೈಕ್ಲಿನ್ ಕ್ಯಾಪ್ಸುಲ್ ಒಡೆದು ಹಾಕುವ ರೂಢಿ ಇದೆ. ಅದು ಬ್ಯಾಕ್ಟೀರಿಯಾದ ಮದ್ದು, ಇಕ್ ಬ್ಯಾಕ್ಟೀರಿಯಾ ಅಲ್ಲ. ಮೆಥಿಲಿನ್ ಬ್ಲೂ ಮುಖ್ಯ ತೊಟ್ಟಿಗೆ ಹಾಕಿದರೆ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾಕ್ಕೇ ಪೆಟ್ಟು. ಅರಿಶಿನ ನೀರಿನಲ್ಲಿ ಕರಗುವುದೇ ಇಲ್ಲ, ಸ್ಪಂಜಿಗೆ ಅಂಟಿ ನೀರು ಕೆಡಿಸುತ್ತದೆ.

8. ಚುಕ್ಕೆ ಎಣಿಸಬೇಡಿ, ದಿನ ಎಣಿಸಿ

ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ದಿನಾಂಕ ಬರೆದಿಡಿ. ಒಂದು, ಪೂರ್ತಿ ಉಪ್ಪು ಹಾಕಿ ಮುಗಿದ ದಿನ. ಇನ್ನೊಂದು, ಕೊನೆಯ ಚುಕ್ಕೆ ಕಂಡ ದಿನ. ಮೊದಲನೆಯದಕ್ಕೆ 14 ಕೂಡಿಸಿ, ಎರಡನೆಯದಕ್ಕೆ 7 ಕೂಡಿಸಿ. ಯಾವುದು ತಡವಾಗಿ ಬರುತ್ತದೋ ಅಲ್ಲಿಯವರೆಗೆ ಬಿಸಿ, ಉಪ್ಪು, ಸೈಫನ್ ಮೂರೂ ನಡೆಯಬೇಕು. ಹೀಟರ್ ಇಲ್ಲದೆ ಘಟ್ಟದ ಮೇಲಿನ ಚಳಿಯಲ್ಲಿ ಮಾಡುವವರು 14ರ ಬದಲು 21 ಇಟ್ಟುಕೊಳ್ಳಿ, ಅದೂ ಸಾಲದಿರಬಹುದು. ಒಂದು ಸಣ್ಣ ಹೀಟರ್ ಕೊಂಡುಬಿಡುವುದೇ ಮೇಲು.

ಮೂರನೇ ದಿನ ಚುಕ್ಕೆ ಇದ್ದಕ್ಕಿದ್ದಂತೆ ಹೆಚ್ಚಾಗಬಹುದು. ಹೆದರಬೇಡಿ. ಬಿಸಿಗೆ ಅವು ಬೇಗ ಬೆಳೆದು ಕಣ್ಣಿಗೆ ಬೀಳುತ್ತಿವೆ ಅಷ್ಟೆ. ಆ ಗಾಬರಿಯಲ್ಲಿ ಎರಡನೇ ಔಷಧಿ, ಮೂರನೇ ಔಷಧಿ ಸುರಿದಾಗಲೇ ಮೀನು ಸಾಯುವುದು.

ಕರೆಂಟು ಹೋದರೆ

ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಇಲ್ಲದ ಊರುಗಳು ನಮ್ಮವು. ಬ್ಯಾಟರಿ ಪಂಪು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅರ್ಧ ಗಂಟೆಗೊಮ್ಮೆ ತಂಬಿಗೆಯಲ್ಲಿ ನೀರು ಎತ್ತಿ ಒಂದಡಿ ಮೇಲಿನಿಂದ ಹತ್ತು ಹನ್ನೆರಡು ಸಲ ಸುರಿಯಿರಿ. ತಂಬಿಗೆ ತಾಮ್ರದ್ದಾಗಿರದಿರಲಿ. ತೊಟ್ಟಿಯ ಸುತ್ತ ಕಂಬಳಿ ಸುತ್ತಿ, ಮೇಲೆ ಮಾತ್ರ ತೆರೆದಿಡಿ. ಆ ದಿನ ಆಹಾರ ಬೇಡ. ಮುಚ್ಚಿದ ಡಬ್ಬಿಯ ಫಿಲ್ಟರ್ ಇದ್ದರೆ, ತಾಸುಗಟ್ಟಲೆ ನಿಂತ ಮೇಲೆ ಒಳಗಿನ ಕೊಳೆತ ನೀರು ಚೆಲ್ಲಿಯೇ ಮತ್ತೆ ಚಾಲೂ ಮಾಡಿ.

ಮುಗಿದ ಮೇಲೆ

ಉಪ್ಪನ್ನು ಒಮ್ಮೆಗೇ ತೆಗೆಯಬೇಡಿ. ಮೂರು ದಿನಕ್ಕೊಮ್ಮೆ ಕಾಲುಭಾಗದಂತೆ ಸಿಹಿನೀರು ಬದಲಿಸುತ್ತ ಬನ್ನಿ. ಬಿಸಿಯನ್ನೂ ದಿನಕ್ಕೆ ಒಂದು ಡಿಗ್ರಿಯಂತೆ ಇಳಿಸಿ. ಬಾಟಲಿಯ ಔಷಧಿ ಹಾಕಿದ್ದರೆ ಇದ್ದಿಲಿನ ಚೀಲವನ್ನು ಈಗ ಹೊಸದಾಗಿ ಹಾಕಿ, ಉಳಿದ ಬಣ್ಣ ಎಳೆದುಕೊಳ್ಳುತ್ತದೆ.

ತೆಗೆದ ನೀರನ್ನು ಹಳ್ಳಕ್ಕೆ, ಹೊಳೆಗೆ, ಬಾವಿಯ ಬದಿಗೆ ಚೆಲ್ಲಬೇಡಿ. ಉಪ್ಪಿರುವುದರಿಂದ ಅಡಿಕೆ ಬುಡಕ್ಕೂ ಬೇಡ. ಗಿಡಮರ ಇಲ್ಲದ ಗಟ್ಟಿ ನೆಲದಲ್ಲಿ ಇಂಗಲಿ. ರೋಗದ ಮೀನನ್ನು "ಪಾಪ, ಹೊಳೆಗೆ ಬಿಟ್ಟರೆ ಬದುಕೀತು" ಎಂದು ಅಘನಾಶಿನಿಗೋ ಶಾಲ್ಮಲೆಗೋ ಬಿಡುವವರಿದ್ದಾರೆ. ದಯವಿಟ್ಟು ಬೇಡ. ಆ ನೀರಿನಲ್ಲಿ ಅಲ್ಲಿಯದೇ ಮೀನುಗಳಿವೆ, ಅವಕ್ಕೆ ಈ ರೋಗ ನಾವು ಕೊಡಬಾರದು.

ಇನ್ನು ಮುಂದೆ ತರುವ ಪ್ರತಿ ಹೊಸ ಮೀನೂ ಮೊದಲ ಮೂರು ವಾರ ಬೇರೆ ತೊಟ್ಟಿಯಲ್ಲಿರಲಿ. ಅಂಗಡಿಗಳಿಗೆ ಬರುವ ಮೀನು ಎಷ್ಟೋ ಸಲ ಚೆನ್ನೈ, ಮುಂಬೈ ಕಡೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ರಾತ್ರಿಯೆಲ್ಲ ಕುಲುಕಿಕೊಂಡು ಬಂದಿರುತ್ತದೆ. ದಣಿದ ಮೀನಿಗೇ ಇಕ್ ಮೊದಲು ಹತ್ತುವುದು. ಚೀಲದ ನೀರನ್ನು ತೊಟ್ಟಿಗೆ ಸುರಿಯದೆ ಮೀನನ್ನು ಮಾತ್ರ ಎತ್ತಿ ಬಿಡಿ. ಹೊಸ ಮೀನಿನ ತೊಟ್ಟಿಗೆ ಬಲೆಯೂ ಬೇರೆ, ಬಕೆಟ್ಟೂ ಬೇರೆ. ಒಂದೇ ಬಲೆ ಇದ್ದರೆ ಬಳಸಿದ ಮೇಲೆ ಪೂರ್ತಿ ಒಣಗಿಸಿ, ಒಣಗಿದರೆ ಈ ಜೀವಿ ಉಳಿಯುವುದಿಲ್ಲ. ಮಳೆಗಾಲದಲ್ಲಿ ಬಿಸಿಲು ಕಾಯುತ್ತ ಕೂರಬೇಡಿ, ಬಚ್ಚಲ ಒಲೆಯ ಪಕ್ಕದ ಗೂಟಕ್ಕೆ ತೂಗುಹಾಕಿ. ಬೆಳಗಾಗುವಷ್ಟರಲ್ಲಿ ಗರಿಗರಿಯಾಗಿರುತ್ತದೆ.